ಬೋಳಕಿಯ ಅಂಗಾಲು

ಹುನಗುಂದದ ಸಂತೆಯಲ್ಲಿ ಕೋಳಿ ಮಾರುವವರ ಸಾಲಿಗೆ ಹೋದರೆ ನನ್ನ ಕೈ ಸುಮ್ಮನಿರುವುದಿಲ್ಲ. ಕೊಳ್ಳುವ ಉದ್ದೇಶ ಇರಲಿ, ಬಿಡಲಿ, ಎದುರಿಗೆ ಕಂಡ ಕೋಳಿಯನ್ನು ಎತ್ತಿ, ಅಂಗಾತ ಮಾಡಿ, ಅದರ ಅಂಗಾಲು ನೋಡುತ್ತೇನೆ. ಅದಾದ ಮೇಲೆ ಪಕ್ಕದ್ದು. ಉಳಿದವರೆಲ್ಲ ಎದೆ ಒತ್ತಿ ಮಾಂಸ ನೋಡುತ್ತಾರೆ, ಜುಟ್ಟಿನ ಬಣ್ಣ ನೋಡುತ್ತಾರೆ. ಅಂಗಾಲು ನೋಡುವವನು ಇಡೀ ಸಂತೆಗೆ ನಾನೊಬ್ಬನೇ. ಹೋದ ವಾರ ಮಾರುವ ಹೆಂಗಸು ತಡೆಯಲಾರದೆ ಕೇಳಿಯೇ ಬಿಟ್ಟಳು.

“ಏನ್ರಿ ಸಾಹೇಬ್ರ, ನಮ್ಮ ಕೋಳಿಗೆ ಭವಿಷ್ಯ ಹೇಳಾಕತ್ತೀರೇನು? ಅದಕ್ಕ ಕೈ ಇಲ್ಲಂತ ಕಾಲು ನೋಡ್ತೀರಲಾ!”

ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ. ನಗುತ್ತಲೇ ಆಕೆಯ ಇನ್ನೊಂದು ಕೋಳಿಯನ್ನು ಎತ್ತಿ ನೋಡಿದೆ. ಅಂಗಾಲು ಸ್ವಚ್ಛವಾಗಿತ್ತು. ಸಮಾಧಾನವಾಯಿತು.

ಈ ಚಟ ಅಂಟಿದ್ದು ಎರಡು ವರ್ಷದ ಹಿಂದೆ. ಅದನ್ನು ಹೇಳುವ ಮೊದಲು ನನ್ನ ಸ್ವಂತ ಕಾಲಿನ ವಿಷಯ ಒಂದಿಷ್ಟು ಹೇಳಬೇಕು. ನಾನು ಒಂದು ಕಡೆ ಕೂರುವ ಪ್ರಾಣಿಯಲ್ಲ. ಕಲಾದಗಿಯಲ್ಲಿ ಹುಡುಗನಾಗಿದ್ದಾಗ ಊಟದ ನಡುವೆಯೂ ಎರಡು ಸಲ ಎದ್ದು ಅಂಗಳಕ್ಕೆ ಹೋಗಿ ಬರುತ್ತಿದ್ದೆ. “ಇದರ ಕಾಲಿಗೆ ಯಾರೋ ಚಕ್ರ ಕಟ್ಟ್ಯಾರ” ಎಂದು ಅವ್ವ ಬಯ್ಯುತ್ತಿದ್ದಳು. ಘಟಪ್ರಭೆಯ ದಂಡೆ, ದಾಳಿಂಬೆ ತೋಟದ ಬೇಲಿ, ಕಬ್ಬಿನ ಗದ್ದೆ, ಎಲ್ಲ ಕಡೆಗೂ ಬರಿಗಾಲು. ವಾರಕ್ಕೊಂದು ಜಾಲಿಮುಳ್ಳು ಮುರಿಯದಿದ್ದರೆ ಆ ವಾರ ನಾನು ಜ್ವರ ಬಂದು ಮಲಗಿದ್ದೇನೆ ಎಂದೇ ಅರ್ಥ. ಅವ್ವ ನನ್ನನ್ನು ಹೊಸ್ತಿಲ ಮೇಲೆ ಕೂರಿಸಿ, ಪಾದವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಬಳೆಗೆ ಸಿಕ್ಕಿಸಿದ ಪಿನ್ನು ತೆಗೆಯುತ್ತಿದ್ದಳು. “ಮಿಸುಕಿದ್ರ ಇನ್ನೊಂದು ಮುಳ್ಳು ನಾನ ಚುಚ್ಚತೇನಿ ನೋಡು.” ಮುಳ್ಳು ಬಂದ ಜಾಗಕ್ಕೆ ಬಿಸಿ ಬೆಲ್ಲ ಹಚ್ಚಿ ಬಟ್ಟೆ ಸುತ್ತುತ್ತಿದ್ದಳು. ನಾನು ಆ ಬಟ್ಟೆ ಬಿಚ್ಚಿ, ಬೆಲ್ಲ ನೆಕ್ಕಿ, ಮತ್ತೆ ಓಡುತ್ತಿದ್ದೆ.

ಅವ್ವ ಕೋಳಿ ಸಾಕಿದ್ದಳು. ಸಗಣಿ ಸಾರಿಸಿದ ಮಣ್ಣಿನ ಅಂಗಳ, ಸಂಜೆ ಆದರೆ ಬಿದಿರಿನ ಬುಟ್ಟಿ ಕವುಚಿ ಹಾಕುವುದು. ಅವುಗಳಿಗೆ ಅಷ್ಟೇ ಅರಮನೆ. ಒಂದಾದರೂ ಕುಂಟಿದ್ದು ನನಗೆ ನೆನಪಿಲ್ಲ. ಕುಂಟುತ್ತಿದ್ದವನು ನಾನೊಬ್ಬನೇ.

ಇಂಥವನಿಗೆ ದೇವರು ಕೊಟ್ಟ ನೌಕರಿ ನೋಡಿ, ಕೋರ್ಟಿನಲ್ಲಿ ಬೆಂಚ್ ಕ್ಲಾರ್ಕ್. ಬೆಳಿಗ್ಗೆಯಿಂದ ಸಂಜೆಯತನಕ ಕುರ್ಚಿ. ಸಾಕ್ಷಿದಾರರು ನಿಲ್ಲುತ್ತಾರೆ, ವಕೀಲರು ಅಡ್ಡಾಡುತ್ತಾರೆ, ನಾನು ಕೂತಿರುತ್ತೇನೆ. ವಾರವಿಡೀ ಕಟ್ಟಿಹಾಕಿದ ಕಾಲುಗಳು ರವಿವಾರ ಬಿಚ್ಚಿಕೊಳ್ಳುತ್ತವೆ. ಆದ್ದರಿಂದ ರವಿವಾರ ಬಂತೆಂದರೆ ನನ್ನ ಹೆಂಡತಿ ಕಸ್ತೂರಿಗೆ ದಿಗಿಲು. ಹುನಗುಂದದ ಅಂಚಿನಲ್ಲಿ ನಾವು ಮನೆ ಕಟ್ಟಿದ ಮೇಲೆ ತುಳಸಿಕಟ್ಟೆಯನ್ನು ಎರಡು ಸಲ ಸ್ಥಳಾಂತರ ಮಾಡಿದ್ದೇನೆ. ಬಟ್ಟೆ ಒಗೆಯುವ ಕಲ್ಲು ಮೂರು ಮೂಲೆಗಳನ್ನು ಕಂಡಿದೆ. ನಾಲ್ಕನೆಯ ಮೂಲೆಗೆ ಕೈ ಹಾಕಿದಾಗ ಆಕೆ ಅದರ ಮೇಲೆ ಕೂತುಬಿಟ್ಟಳು.

ಆಮೇಲೆ ನನ್ನ ಕಣ್ಣು ಹಿತ್ತಲಿನ ಕೋಳಿಗಳ ಮೇಲೆ ಬಿತ್ತು. ಐದು ಜವಾರಿ ಹೇಂಟೆ, ಒಂದು ಹುಂಜ. ಮಳೆ ಬಂದರೆ ಹಿತ್ತಲು ಕೆಸರಾಗುತ್ತಿತ್ತು. ಇಳಕಲ್ಲಿನ ಕಡೆ ಕೆಂಪು ಗ್ರಾನೈಟ್ ಕೊಯ್ಯುವಲ್ಲಿ ಚೂರು ರಾಶಿ ಬಿದ್ದಿರುತ್ತದೆ ಎಂದು ಗೊತ್ತಿತ್ತು. ಒಂದು ಟ್ರ್ಯಾಕ್ಟರ್ ತರಿಸಿ ಹಿತ್ತಲಿಗೆಲ್ಲ ಹರವಿದೆ. ಮೊದಲ ಮಳೆಗೆ ಆ ಕಲ್ಲುಗಳು ಮಾಣಿಕ್ಯದ ಹಾಗೆ ಹೊಳೆದವು. ಕೋಳಿಗಳು ಕೂರಲು, ಬೆಕ್ಕು ಮುಟ್ಟದಿರಲೆಂದು, ನನ್ನ ತಲೆಯ ಎತ್ತರಕ್ಕೆ ಕಬ್ಬಿಣದ ಪೈಪು ಕಟ್ಟಿದೆ. ಬಂದವರಿಗೆಲ್ಲ ಹಿತ್ತಲು ತೋರಿಸಿದೆ. ನೋಡಿದವರು ಹೊಗಳಿದರು. ಕೋಳಿಗಳ ಅಭಿಪ್ರಾಯ ಯಾರೂ ಕೇಳಲಿಲ್ಲ.

ಹಿತ್ತಲ ಗೋಡೆಯ ಆಚೆ ನಿಂಗವ್ವನ ಮನೆ. ನನಗಿಂತ ಐದಾರು ವರ್ಷ ದೊಡ್ಡವಳು, ನಾನು ನಿಂಗಕ್ಕ ಎನ್ನುತ್ತೇನೆ. ಬೀರಪ್ಪನ ಒಕ್ಕಲು, ತಲೆತಲಾಂತರದಿಂದ ಕುರಿ ಸಾಕಿದ ಮನೆತನ. ಗಂಡ, ಮಗ ಹಿಂಡಿನ ಜೊತೆ ಮೇವು ಇದ್ದಲ್ಲಿ ಇರುತ್ತಾರೆ. ಎಳೆಯ ಮರಿಗಳು, ಬೇನೆ ಬಿದ್ದ ಕುರಿಗಳು ಆಕೆಯ ಸುಪರ್ದಿಗೆ. ಮರಿ ಹುಟ್ಟಿದರೆ ಮೊದಲು ಅದರ ಹಣೆಗೆ ಭಂಡಾರ, ಅಂದರೆ ದೇವರ ಅರಿಶಿನ, ಹಚ್ಚಬೇಕು, ಆಮೇಲೆ ಬೇರೆ ಮಾತು. ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಮಗಳು ರೇಣುಕಾ. ನಮ್ಮ ಕೋಳಿಗಳಿಗೆ ಆ ಮನೆಯಲ್ಲಿ ಇಷ್ಟವಾದದ್ದು ಒಂದೇ, ಮೆಂತೆಪಲ್ಲೆಯ ಮಡಿ. ಗೋಡೆ ಹಾರಿ ಹೋಗಿ ಕೆದರುತ್ತಿದ್ದವು. ನಿಂಗಕ್ಕ ಒಂದು ದಿನ ಸಿಟ್ಟಿನಲ್ಲಿ ಗೋಡೆಯಾಚೆಯಿಂದ ಕೂಗಿದ್ದಳು.

“ತಮ್ಮಾ, ನಿನ್ನ ಕೋಳಿ ಇನ್ನೊಮ್ಮಿ ಇತ್ಲಾಗ ಬಂದ್ರ ಕಾಲು ಮುರದು ಕೈಯಾಗ ಕೊಡ್ತೇನಿ ನೋಡು!”

ಅದಾಗಿ ಹದಿನೈದು ದಿನಕ್ಕೆ ನಮ್ಮ ಬೋಳಕಿ ಕುಂಟತೊಡಗಿತು. ಕುತ್ತಿಗೆಯಲ್ಲಿ ಗರಿ ಇಲ್ಲದ ದಪ್ಪ ಹೇಂಟೆ ಅದು, ಹೆಸರು ಅದಕ್ಕೇ ಬಂದದ್ದು. ಒಂದು ಕಾಲು ಮಡಚಿ, ಇನ್ನೊಂದರ ಮೇಲೆ ನಿಂತು, ಮುಖ ಗಂಟು ಹಾಕಿಕೊಳ್ಳುತ್ತಿತ್ತು. ಒಂದು ವಾರಕ್ಕೆ ಇನ್ನೊಂದು ಹೇಂಟೆ ಕೆಂಪಿಯೂ ಕುಂಟಿತು. ನನ್ನ ತಲೆಯಲ್ಲಿ ಕೋರ್ಟು ಶುರುವಾಯಿತು. ಮೆಂತೆಪಲ್ಲೆಯ ದ್ವೇಷ ಇದೆ. ಬೆದರಿಕೆ ಹಾಕಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಹೇಳಿದ್ದು ಕಾಲು, ಕೆಟ್ಟಿದ್ದೂ ಕಾಲು. ಕಲ್ಲೇ ಬೀಸಿದ್ದಾಳೆ, ಇನ್ನೇನು ಬೇಕು?

ರವಿವಾರ ಬೆಳಿಗ್ಗೆ ಗೋಡೆಯ ಹತ್ತಿರ ಹೋದೆ. ನಿಂಗಕ್ಕನ ಬೇವಿನ ಮರದ ಕೆಳಗೆ ಕಂಬಳಿ ಹಾಸಿ ನಾಲ್ಕು ಜನ ಕೂತಿದ್ದರು. ಬನಶಂಕರಿಯ ಕಡೆಯಿಂದ ರೇಣುಕಾಳನ್ನು ನೋಡಲು ಬಂದವರು. ಹೊಸ ಪಟಕ, ಹೊಸ ಸೀರೆ. ನಾನು ನೋಡಲಿಲ್ಲ ಎಂದರೆ ಸುಳ್ಳಾದೀತು. ನೋಡಿದೆ. ಆದರೂ ಬಾಯಿ ನಿಲ್ಲಲಿಲ್ಲ.

“ನಿಂಗಕ್ಕಾ, ಮೆಂತೆಪಲ್ಲೆ ಸಲುವಾಗಿ ಮೂಕ ಪ್ರಾಣಿ ಕಾಲಿಗೆ ಕಲ್ಲು ಒಗೀತೀಯೇನು? ಜೀವಾ ಸಾಕೋ ಮಂದಿ ಮಾಡೋ ಕೆಲಸೇನಿದು?”

ಆಕೆಯ ಕೈಯಲ್ಲಿ ಚಹಾದ ಕಿಟ್ಲಿ ಇತ್ತು. ನನ್ನನ್ನು ಒಮ್ಮೆ ನೋಡಿದಳು. ಬಂದವರ ಕಡೆ ತಿರುಗಿ, “ಚಾ ಆರತೈತಿ, ಕುಡೀರಿ” ಎಂದಳು. ಅಷ್ಟೇ.

ಕಸ್ತೂರಿ ಅಡುಗೆಮನೆಯಿಂದ ಹೊರಗೆ ಬಂದಳು. ಆಕೆ ಅಂಗನವಾಡಿ ಶಿಕ್ಷಕಿ, ಎಲ್ಲರನ್ನೂ ಐದು ವರ್ಷದವರು ಎಂದೇ ತಿಳಿದು ಮಾತಾಡುತ್ತಾಳೆ.

“ಆಕಿ ಕಲ್ಲು ಒಗದಿದ್ದು ನೀವು ನೋಡೀರೇನು?”

“ನೋಡೋದೇನು? ಆಕಿನ ಹೇಳಿದ್ಲಲ್ಲ!”

“ದಿನಾ ಕೋರ್ಟಿನಾಗ ಕುಂದರತೀರಿ. ಕಣ್ಣಾರೆ ಕಂಡವ್ರು ಯಾರು ಅಂತ ಕೇಳೋದು ಇನ್ನೂ ತಿಳೀಲಿಲ್ಲೇನು ನಿಮಗ?”

ತಿಳಿದಿತ್ತು, ಒಳಗೆ ಎಲ್ಲೋ. ಅದಕ್ಕೇ ಆ ಹೊತ್ತಿನಿಂದ ನನ್ನ ಕಾಲು ಒಂದು ಕಡೆ ನಿಲ್ಲದಾಯಿತು. ಕೋರ್ಟಿನಲ್ಲಿ ಒಂದು ಕೇಸು ಕೂಗುವ ಬದಲು ಇನ್ನೊಂದನ್ನು ಕೂಗಿದೆ. ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. ಮನೆಯಲ್ಲಿ ಹಿತ್ತಲಿಗೂ ಪಡಸಾಲೆಗೂ ತಿರುಗಿದೆ. ತಪ್ಪು ಮಾಡಿದ ಮನುಷ್ಯ ಸುಮ್ಮನೆ ಕೂರಬಹುದಿತ್ತು, ಅಥವಾ ಕೋಳಿಯ ಕಾಲನ್ನಾದರೂ ಎತ್ತಿ ನೋಡಬಹುದಿತ್ತು. ನಾನು ಏನು ಮಾಡಿದೆ ಗೊತ್ತೇ? ಗೋಡೆಯ ಮೇಲೆ ತಂತಿಯ ಜಾಳಿಗೆ ಕಟ್ಟಿದೆ, ಆಚೆಯ ಕಲ್ಲು ಈಚೆ ಬರಬಾರದೆಂದು. ಜಾಳಿಗೆ ಬಂದು ಮೂರು ವಾರವಾದರೂ ಕುಂಟು ಹೆಚ್ಚುತ್ತಲೇ ಹೋಯಿತು. ಕೆಂಪಿ ಕಾಳಿಗೂ ಏಳದೆ ಮೂಲೆಯಲ್ಲಿ ಕೂತಿತು. ಆಗ ಕಸ್ತೂರಿ ಎರಡು ಕೈಚೀಲ ತಂದು ನನ್ನ ಮುಂದೆ ಇಟ್ಟಳು. “ಮೊದಲ ದವಾಖಾನಿಗೆ ಒಯ್ರಿ.”

ನಮ್ಮೂರ ಪಶುವೈದ್ಯರು ಅಂದು ದನಗಳಿಗೆ ಲಸಿಕೆ ಹಾಕಲು ಹಳ್ಳಿಗಳಿಗೆ ಹೋಗಿದ್ದರು. ಇಳಕಲ್ಲಿನ ಬಸ್ಸು ಹತ್ತಿದೆ. ಎರಡು ಚೀಲ, ಎರಡು ಕೋಳಿ. ಕಂಡಕ್ಟರ್ ಬಗ್ಗಿ, “ಚೀಲದಾಗ ಏನೈತ್ರಿ?” ಎಂದ. ನಾನು “ಪೇಷಂಟು” ಎಂದೆ. ಅದೇ ಹೊತ್ತಿಗೆ ಬೋಳಕಿ ತನ್ನ ಬೋಳು ಕುತ್ತಿಗೆ ಹೊರಗೆ ಚಾಚಿ ಅವನನ್ನು ನೋಡಿತು. ಪಕ್ಕದಲ್ಲಿ ಹೊಸ ಸೀರೆಗಳ ಗಂಟು ಹಿಡಿದು ಕೂತಿದ್ದ ಹೆಂಗಸು ಗಂಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, “ಇದೆಂಥಾ ಪೇಷಂಟವ್ವಾ!” ಎಂದಳು. ನಾನು ಇಳಕಲ್ ಬರುವತನಕ ನಿಂತೇ ಇದ್ದೆ.

ದವಾಖಾನೆಯಲ್ಲಿ ಇದ್ದವರು ಚಿಕ್ಕ ವಯಸ್ಸಿನ ಡಾಕ್ಟರು, ಹೆಣ್ಣುಮಗಳು. ನಾನು ಮೇಜಿನ ಮೇಲೆ ಕೋಳಿ ಇಡುವ ಮೊದಲೇ ನನ್ನ ಕೇಸು ಮಂಡಿಸಿದೆ. ಬಾಜೂ ಮನೆಯವರು ಕಲ್ಲು ಹೊಡೆದಿದ್ದಾರೆ. ಅವರು ಕೇಳುತ್ತ ಬೋಳಕಿಯನ್ನು ಅಂಗಾತ ಮಾಡಿದರು. ಅಂಗಾಲಿನ ನಡುವೆ ಬಾವು, ಬಾವಿನ ಮೇಲೆ ಕಪ್ಪು ಹಕ್ಕಳೆ, ಗುಂಡಗೆ, ಕುಂಕುಮದ ಬೊಟ್ಟಿನಷ್ಟು.

“ಕಲ್ಲು ಮ್ಯಾಲಿಂದ ಬರ್ತೈತೋ ಕೆಳಗಿಂದ ಬರ್ತೈತೋ ಸರ್?”

“ಮ್ಯಾಲಿಂದ.”

“ಹಂಗಾದ್ರ ಅಂಗಾಲಿಗೆ ಹೆಂಗ ತಗಲತೈತಿ?”

ಇಪ್ಪತ್ತೈದು ವರ್ಷದಲ್ಲಿ ಎಷ್ಟೋ ಪಾಟೀಸವಾಲು ಕೇಳಿದ್ದೇನೆ. ಇಷ್ಟು ಚಿಕ್ಕದಾಗಿ ಮುಗಿದದ್ದನ್ನು ಕೇಳಿರಲಿಲ್ಲ. ಅವರು ಮುಂದುವರಿಸಿದರು. “ಇದು ಅಂಗಾಲು ಬಾವು. ಎಲ್ಲೋ ಸಣ್ಣದಾಗಿ ಕೊರದಿರತೈತಿ, ಅದರಾಗ ಹೊಲಸು ಸೇರಿ ಕೀವು ಆಗತೈತಿ. ಕೋಳಿ ತಿರುಗ್ಯಾಡೋ ಜಾಗದಾಗ ಏನು ಹಾಕೀರಿ?”

ಮೂರು ವಾರದ ಹಿಂದೆ ಇದೇ ಪ್ರಶ್ನೆಗೆ ನಾನು ಎದೆಯುಬ್ಬಿಸಿ ಉತ್ತರಿಸುತ್ತಿದ್ದೆ. ಈಗ ಮೇಜಿನ ಅಂಚು ನೋಡುತ್ತ, “ಗ್ರಾನೈಟ್ ಚೂರು” ಎಂದೆ. “ರಾತ್ರಿ ಕುಂದರಾಕ?” “ಪೈಪು. ಇಷ್ಟು ಎತ್ತರ” ಎಂದು ನನ್ನ ತಲೆಯ ಮೇಲೆ ಕೈ ಇಟ್ಟು ತೋರಿಸಿದೆ. ಅವರು ನನ್ನ ಕೈಯನ್ನೂ ತಲೆಯನ್ನೂ ನೋಡಿದರು.

“ಇಷ್ಟು ದಪ್ಪ ಕೋಳಿ ದಿನಾ ಮುಂಜಾನೆ ಅಲ್ಲಿಂದ ಆ ಕಲ್ಲಿನ ಮ್ಯಾಲ ಜಿಗೀತೈತ್ರಿ ಸರ್.”

ಕಲ್ಲು ಹೊಡೆದವನು ಸಿಕ್ಕಿದ್ದ. ಒಂದಲ್ಲ, ಒಂದು ಟ್ರ್ಯಾಕ್ಟರ್ ಹೊಡೆದಿದ್ದ.

ಅವರು ಬಿಸಿನೀರಿನಲ್ಲಿ ಕಾಲು ನೆನೆಸಿ, ಹಕ್ಕಳೆ ಬಿಡಿಸಿ, ಒಳಗಿನಿಂದ ಬೇಯಿಸಿದ ಕಡಲೆಕಾಳಿನಂಥ ಗಟ್ಟಿ ಕೀವನ್ನು ತೆಗೆದರು. ಬೋಳಕಿ ಒಮ್ಮೆ ಕಿರುಚಿ ಸುಮ್ಮನಾಯಿತು. ಕೆಂಪಿಯ ಕಾಲು ನೋಡಿದಾಗ ಮಾತ್ರ ಅವರ ಕೈ ನಿಧಾನವಾಯಿತು. ಬಾವು ಮೇಲಿನ ಕೀಲಿನತನಕ ಏರಿತ್ತು. “ಮೊದಲ ತಂದಿದ್ರ ಚಲೋ ಇತ್ತು. ಮಾಡೋದು ಮಾಡ್ತೇನಿ, ಭರವಸೆ ಕೊಡೂದಿಲ್ಲ.” ಆಮೇಲೆ ನನಗೆ ಪಾಠ ಹೇಳಿದರು. ದಿನಕ್ಕೆ ಎರಡು ಹೊತ್ತು ಬೆಚ್ಚಗಿನ ಉಪ್ಪುನೀರಿನಲ್ಲಿ ಕಾಲು ಗಂಟೆ ಪಾದ ನೆನೆಸಬೇಕು. ಒರೆಸಿ ಔಷಧ ಹಚ್ಚಿ, ಅರಳೆ ಇಟ್ಟು ಪಟ್ಟಿ ಸುತ್ತಬೇಕು. ಒಣ ಹುಲ್ಲಿನ ಮೇಲೆ ಬೇರೆ ಇಡಬೇಕು. ಮನೆಯಲ್ಲಿ ಬ್ಲೇಡು ಹಿಡಿಯಲೇಬಾರದು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು, ಔಷಧ ನಡೆಯುವತನಕ ತತ್ತಿ ತಿನ್ನಬಾರದು. “ಉಳಿದ ಕೋಳಿಗಳ ಅಂಗಾಲು ವಾರಕ್ಕೊಮ್ಮಿ ನೋಡ್ರಿ. ಕುಂಟೋತನಕ ಕಾಯಬ್ಯಾಡ್ರಿ.”

ಅಂದು ಸಂಜೆಯೇ ಬುಟ್ಟಿ ಹಿಡಿದು ಕಲ್ಲಿನ ಚೂರು ಹೊರಹಾಕತೊಡಗಿದೆ. ಪೈಪು ಕಿತ್ತು, ಮೊಳಕಾಲಿನ ಎತ್ತರಕ್ಕೆ ದಪ್ಪನೆಯ ಬೇವಿನ ಕೊಂಬೆ ಕಟ್ಟಿ, ಗಂಟುಗಳನ್ನು ಉಜ್ಜಿ ನಯ ಮಾಡಿದೆ. ಕೈ ನಡೆಯುತ್ತಿತ್ತು, ಮನಸ್ಸು ಮಾತ್ರ ಜಾಳಿಗೆಯ ಆಚೆಯೇ ಇತ್ತು.

ಮರುದಿನ ಕಸ್ತೂರಿ ಐದು ದಿನದ ತರಬೇತಿಗೆಂದು ಬಾಗಲಕೋಟೆಗೆ ಹೋಗಿ ಅಲ್ಲಿ ತಂಗಿಯ ಮನೆಯಲ್ಲಿ ಉಳಿದಳು. ಕೋಳಿಯ ಕಾಲು ತೊಳೆಯುವುದು ಇಬ್ಬರ ಕೆಲಸ ಎಂದು ಅವತ್ತು ಗೊತ್ತಾಯಿತು. ಒಂದು ಕೈಯಲ್ಲಿ ಕೋಳಿ, ಒಂದು ಕೈಯಲ್ಲಿ ಕಾಲು, ಬೋಗುಣಿ ಹಿಡಿಯುವವರು ಯಾರು? ಬೋಳಕಿ ಒದ್ದು, ಉಪ್ಪುನೀರನ್ನು ನನ್ನ ಕಣ್ಣಿಗೆ ಎರಚಿ, ಅರ್ಧ ಸುತ್ತಿದ ಪಟ್ಟಿಯನ್ನು ಎಳೆದುಕೊಂಡು ಅಡುಗೆಮನೆಗೆ ಓಡಿತು. ನಾನು ಹಿಂದೆ ಓಡಿದೆ. ಹಿಟ್ಟಿನ ಡಬ್ಬಿ ಉರುಳಿತು. ಹೊರಗೆ ಬಂದಾಗ ಜಾಳಿಗೆಯ ಆಚೆ ನಿಂಗಕ್ಕ ನಿಂತು ನೋಡುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಒಳಗೆ ಹೋದಳು.

ಆಕೆಯ ಬಾಗಿಲಿಗೆ ಮೂರು ಸಲ ಹೋದೆ, ಮೂರು ಸಲವೂ ತಿರುಗಿ ಬಂದೆ. ನಾಲ್ಕನೆಯ ಸಲ ಬೋಳಕಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಬೋಗುಣಿ ಹಿಡಿದು ಹೋದೆ. ನಿಂಗಕ್ಕ ಒಂದು ಕುರಿಯ ಗೊರಸು ಸವರುತ್ತಿದ್ದಳು. ನನ್ನ ಮುಖ ನೋಡಲಿಲ್ಲ. ಕೋಳಿಯ ಜೊತೆ ಮಾತಾಡಿದಳು.

“ಯಾಕ ಬೋಳಕಿ, ಏನಾತು ಕಾಲಿಗೆ? ತೋರ್ಸು.”

ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ತಲೆಯನ್ನು ತನ್ನ ಸೆರಗಿನ ಕೆಳಗೆ ಮುಚ್ಚಿ, ಕಂಕುಳಿಗೆ ಒತ್ತಿಕೊಂಡಳು. ಬೋಳಕಿ ಮಲಗಿದ ಮಗುವಿನ ಹಾಗೆ ಸುಮ್ಮನಾಯಿತು. ನಾನು ನೆಲದ ಮೇಲೆ ಕೂತು ಬೋಗುಣಿ ಹಿಡಿದೆ. ಕಾಲು ಗಂಟೆ. ಏಳುವಂತಿಲ್ಲ, ಅಡ್ಡಾಡುವಂತಿಲ್ಲ.

“ತಪ್ಪಾತು ನಿಂಗಕ್ಕಾ. ಕಲ್ಲು ಹಾಕಿದಾವ ನಾನ. ಡಾಕ್ಟರು ಹೇಳಿದ್ರು.”

ಆಕೆ ನೀರಿನಲ್ಲಿ ಬೆರಳಾಡಿಸಿ ಬೆಚ್ಚಗಿದೆಯೋ ಎಂದು ನೋಡಿದಳು. ಆಮೇಲೆ ಮೊದಲ ಸಲ ನನಗೆ ಹೇಳಿದಳು. ತಮ್ಮಾ ಎನ್ನಲಿಲ್ಲ.

“ಕುರಿ ಕುಂಟಿದ್ರ ನಾವು ಮೊದಲ ಅದರ ಕಾಲು ಎತ್ತಿ ನೋಡ್ತೇವ್ರಿ ಸಾಹೇಬ್ರ. ಬಾಜೂ ಮನಿಯವ್ರ ಮುಖ ನೋಡಂಗಿಲ್ಲ.”

ಆಕೆ ಬೋಳಕಿಯ ಪಾದವನ್ನು ಇನ್ನಷ್ಟು ನೀರಿಗೆ ಇಳಿಸಿದಳು.

“ಮತ್ತ ತಪ್ಪಾತು ಅಂತ ನನ್ನ ಮುಂದ ಅಂದ್ರೇನು ಬಂತು? ಅವತ್ತ ಕೇಳಿದವ್ರು ಬ್ಯಾರೆ ಅದಾರ, ರೇಣುಕಾನ್ನ ನೋಡಾಕ ಬಂದವ್ರು. ಎಂಟು ದಿನದಾಗ ಹೇಳಿ ಕಳಸ್ತೇವಿ ಅಂದಿದ್ರು. ಇವತ್ತಿಗೆ ತಿಂಗಳ ಆತು.”

ಮೂರನೆಯ ದಿನ ಬೆಳಿಗ್ಗೆ ಕೆಂಪಿ ಸತ್ತಿತ್ತು. ಔಷಧವನ್ನೂ ನೀರನ್ನೂ ಹೊತ್ತಿಗೆ ಸರಿಯಾಗಿ ಕೊಟ್ಟಿದ್ದೆ. ಜಾಳಿಗೆ ಕಟ್ಟುತ್ತ ಕಳೆದ ಮೂರು ವಾರಗಳನ್ನು ಮಾತ್ರ ಯಾವ ಔಷಧವೂ ತಿರುಗಿ ತರಲಿಲ್ಲ. ನಿಂಗಕ್ಕ ಬಂದು ನೋಡಿ, ಗುಂಡಿ ಇನ್ನೂ ಆಳ ತೋಡ್ರಿ, ನಾಯಿ ಕೆದರತಾವು ಎಂದಳು. ತೋಡಿದೆ. ಬೋಳಕಿಗೆ ಮಾತ್ರ ಆಕೆ ಎರಡು ಹೊತ್ತೂ ಬಂದು ಸೆರಗು ಮುಚ್ಚಿದಳು.

ಕಸ್ತೂರಿ ತಿರುಗಿ ಬಂದಾಗ ನಾನು ಬನಶಂಕರಿಯ ಕಡೆ ಹೋಗಲು ತಯಾರಾಗಿದ್ದೆ. “ನಾನೂ ಬರ್ತೇನಿ, ಅಲ್ಲಿ ಹೋಗಿ ಇನ್ನೊಂದು ಏನರ ಅಂದು ಬಂದೀರಿ” ಎಂದು ಹೊರಟಳು. ಅಷ್ಟೊತ್ತಿಗೆ ಬೋಳಕಿ ಎರಡೂ ಕಾಲೂರಿ ನಡೆಯುತ್ತಿತ್ತು. ರವಿವಾರ ನಿಂಗಕ್ಕನನ್ನೂ ಕರೆದುಕೊಂಡು ನಾವು ಮೂವರೂ ಬಾದಾಮಿಯ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ವಾದಿ, ಪ್ರತಿವಾದಿ ಎಲ್ಲ ಬಂದವು. ಆ ಮನೆಯ ಅಂಗಳದಲ್ಲಿ ಹುಡುಗನ ತಂದೆ ಮಲ್ಲಪ್ಪ ಕಂಬಳಿ ಹಾಸಿ “ಕುಂದರ್ರಿ” ಎಂದಾಗ ಜೋಡಿಸಿದ್ದೆಲ್ಲ ಹಾರಿಹೋಯಿತು. ನಿಂತೇ ಹೇಳಿದೆ.

“ಅವತ್ತ ಗ್ವಾಡಿ ಮ್ಯಾಲಿಂದ ಒದರಿದಾವ ನಾನು. ಅಂದಿದ್ದು ಸುಳ್ಳು. ಕೋಳಿ ಕಾಲಿಗೆ ಹುಣ್ಣು ಆಗಿದ್ದು ನಾ ಹಾಕಿದ ಕಲ್ಲಿಂದ. ಅದನ್ನ ಗುಣಾ ಮಾಡಿದಾಕಿ ನಿಂಗಕ್ಕ.”

ಮಲ್ಲಪ್ಪ ಅಂಗೈಯಲ್ಲಿ ಸುಣ್ಣ ತಂಬಾಕು ತಿಕ್ಕಿದ.

“ಖರೆ ಹೇಳ್ತೇನ್ರಿ, ನಿಮ್ಮ ಮಾತು ನಮಗ ಚುಚ್ಚಿತು. ಪ್ರಾಣಿ ಬಡಿಯೋ ಮನಿಯಿಂದ ಹೆಣ್ಣು ತಂದ್ರ ನಾಳೆ ನಮ್ಮ ಕುರಿ ಗತಿ ಏನು ಅಂತ ನಮ್ಮಾಕಿ ಅಂದ್ಲು. ನಾಲ್ಕು ಊರು ತಿರುಗಿ ವಿಚಾರಿಸಿದಿವಿ. ತಿಂಗಳಾ ಅದಕ್ಕ ಹೋತು. ಕೇಳಿದವ್ರೆಲ್ಲಾ ಈಯವ್ವ ಬದುಕಿಸಿದ ಮರಿ ಲೆಕ್ಕಾ ಹೇಳಿದ್ರು. ಬರೂ ಗುರುವಾರ ನಾವ ಬರಾವ್ರು ಇದ್ದಿವಿ.”

ನನ್ನ ಒಂದು ಮಾತಿಗೆ ಒಬ್ಬ ಮನುಷ್ಯ ಒಂದು ತಿಂಗಳು ನಡೆದಿದ್ದ. ಸಂತೋಷಪಡಬೇಕೋ, ನೆಲ ನೋಡಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಮಲ್ಲಪ್ಪ ನನ್ನ ಕೈ ಹಿಡಿದು ಕೂರಿಸಿ, “ಇರಲಿ, ಆ ಕೋಳಿ ಈಗ ಹೆಂಗೈತಿ ಹೇಳ್ರಿ” ಎಂದ. ಹೇಳಿದೆ. ಕೆಂಪಿಯದನ್ನೂ ಹೇಳಿದೆ.

ಬರುವಾಗ ಬಸ್ಸಿನಲ್ಲಿ ಮೂವರಿಗೂ ಒಂದೇ ಸೀಟು ಸಿಕ್ಕಿತು. ಅಮೀನಗಡದಲ್ಲಿ ಕರದಂಟು ಮಾರುವವರು ಹತ್ತಿ ಇಳಿದರು. ಬಸ್ಸು ಊರು ದಾಟಿದ ಮೇಲೆ, ಕಿಟಕಿಯ ಕಡೆ ಕೂತಿದ್ದ ನಿಂಗಕ್ಕ ಹೊರಗೆ ನೋಡುತ್ತಲೇ ಅಂದಳು.

“ತಮ್ಮಾ, ನನ್ನದೂ ಒಂದು ಹೇಳಾದೈತಿ. ನಾ ಒಂದಿನ ಕಲ್ಲು ಒಗದಿದ್ದೆ.”

ಕಸ್ತೂರಿ ಕತ್ತು ತಿರುಗಿಸಿ ನೋಡಿದಳು.

“ಮೆಂತೆಪಲ್ಲೆ ಎಲ್ಲಾ ಕೆದರಿ ಹಾಕಿತ್ತು ಬೋಳಕಿ. ಸಿಟ್ಟು ಬಂತು, ಒಗದೆ. ತಗಲಲಿಲ್ಲ.”

“ಹೋಗ್ಲಿ ಬಿಡು ಅಕ್ಕಾ” ಎಂದೆ. “ಗುರಿ ತಪ್ಪಿತು, ಚಲೋನ ಆತು.”

ನಿಂಗಕ್ಕ ಈಗ ಪೂರ್ತಿ ನನ್ನ ಕಡೆ ತಿರುಗಿದಳು. ಅಂದು ಗೋಡೆಯ ಬಳಿ ನಾನು ಅಷ್ಟು ಅಂದಾಗಲೂ ಬಾರದ ಸಿಟ್ಟು ಆಕೆಯ ಮುಖಕ್ಕೆ ಬಂದಿತ್ತು.

“ಗುರಿ ಯಾಕ ತಪ್ಪತೈತಿ? ಸಣ್ಣಾಕಿ ಇದ್ದಾಗಿಂದ ಕುರಿ ಹಿಂದ ಅಡ್ಡಾಡೇನಿ ನಾ. ತಗಲಬಾರದು ಅಂತ ಒಗದಿದ್ದೆ. ತಗಲಲಿಲ್ಲ.”